ಇಗರ್ಜಿ ಯಾಕೆ ಬೀಳಲಿಲ್ಲ?

1618ರ ಮೇ 15ರಂದು ಮುಂಬಯಿ–ವಸಾಯಿ ಕರಾವಳಿಗೆ ಒಂದು ಚಂಡಮಾರುತ ಬಡಿಯಿತು. ಮುಂಬಯಿ ಆಗ ಲೆಕ್ಕಕ್ಕಿಲ್ಲದ ಏಳು ನಡುಗಡ್ಡೆ; ಪೋರ್ಚುಗೀಸರ ಪೇಟೆ, ಕೋಟೆ, ಸಿರಿತನ ಎಲ್ಲ ಇದ್ದದ್ದು ವಸಾಯಿಯಲ್ಲಿ. ಸಮುದ್ರ ಊರೊಳಗೆ ನುಗ್ಗಿತು, ಇಗರ್ಜಿಗಳ ಮಾಡು ಹಾರಿಹೋಯಿತು, ದೊಡ್ಡ ದೊಡ್ಡ ಕಲ್ಲುಗಳು ಎಲ್ಲೆಲ್ಲೋ ಹೋಗಿ ಬಿದ್ದವು, ಸುಮಾರು 2,000 ಜನ ಸತ್ತರು ಎಂದು ಹಳೆಯ ಬರಹಗಳು ಹೇಳುತ್ತವೆ. ಊರನ್ನು ಕಾಯಬೇಕಾದ ದೇವರ ಮನೆಗೇ ಮೊದಲು ಮಾಡು ಇಲ್ಲವಾಯಿತು.

ಇದನ್ನು ಮುಂಬಯಿ ಹತ್ತಿರದ ಕಲ್ಯಾಣದ ನಮ್ಮ ಕಟ್ಟಡದಲ್ಲಿರುವ ಧಾರವಾಡದ ಮಾಸ್ತರರಿಗೆ ಹೇಳಿದೆ. ಅವರು ಲಿಂಗಾಯತರು, ನಾನು ಕಲ್ಯಾಣಪುರದ ಕಡೆಯ ಕೊಂಕಣಿ ಕಥೊಲಿಕಳು. ಸಂಜೆ ಹೊತ್ತು ಬೆಂಚಿನ ಮೇಲೆ ಕೂತು ದೇವರ ವಿಷಯದಲ್ಲಿ ಜಗಳವಾಡುವುದು ನಮ್ಮಿಬ್ಬರಿಗೂ ನಿವೃತ್ತಿಯ ನಂತರ ಸಿಕ್ಕ ಸುಖ. ಅವರು ನಕ್ಕು ಹೇಳಿದರು: “ಅಕ್ಕಾರ, ಗುಡಿ ಬೀಳಲಿಲ್ಲ ಅಂದ್ರ ಪವಾಡ ಅಂತೀರಿ. ಬಿತ್ತಂದ್ರ ದೇವರ ಪರೀಕ್ಷಾ ಅಂತೀರಿ. ಹ್ಯಾಂಗ ಆದ್ರೂ ದೇವರೇ ಗೆದ್ದಂಗ ಆತಲ್ರೀ. ಸೋಲೋ ಹಾದೀನ ಇಲ್ಲದಾಂವ ಗೆದ್ದರ ಅದೇನ ಗೆಲುವು?”

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮಾಸ್ತರರ ಮಾತು ನಮ್ಮ ಬಾಯಿಗೆ ಸರಿಯಾಗಿ ಬಡಿಯುತ್ತದೆ. ದೇವರಿಗೆ ಬಡಿಯುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಅದನ್ನೇ ಇಲ್ಲಿ ಬಿಡಿಸಿ ನೋಡುತ್ತಿದ್ದೇನೆ.

ಥಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಜನಜಂಗುಳಿಯಲ್ಲಿ ಸ್ವಲ್ಪ ನಡೆದರೆ ಮಾಸುಂದಾ ಕೆರೆ. ಊರಿನವರು ತಲಾವ್‌ಪಾಳಿ ಎನ್ನುತ್ತಾರೆ. ಅದರ ಹತ್ತಿರವೇ ಸಂತ ಸ್ನಾನಿಕ ಯೊವಾನ್ನರ ಇಗರ್ಜಿ, ಒತ್ತಿಗೆ ಅದೇ ಹೆಸರಿನ ಶಾಲೆ. ಥಾಣೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಷ್ಟು ಕಾಲವೂ ಊಟದ ಬಿಡುವಿನಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದೆ. ಪೋರ್ಚುಗೀಸರ ಕಾಲದ ಧರ್ಮಕೇಂದ್ರ ಅದು. 1534ರ ಡಿಸೆಂಬರಿನಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಷಾ ವಸಾಯಿಯನ್ನೂ ಅದಕ್ಕೆ ಸೇರಿದ ಸೀಮೆಯನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ ಮೇಲೆ ಥಾಣೆಯಲ್ಲಿ ಹಲವು ಇಗರ್ಜಿಗಳು, ಸನ್ಯಾಸಿ ಮಠಗಳು ಎದ್ದವು. 1737ರಲ್ಲಿ ಮರಾಠರು ಬಂದರು, 1774ರ ಕೊನೆಯಲ್ಲಿ ಇಂಗ್ಲಿಷರು ಬಂದರು, 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಹೊಗೆ ಬಿಡುತ್ತ ಇದೇ ಊರಿಗೆ ಬಂದು ನಿಂತಿತು. ಪೋರ್ಚುಗೀಸರು ಕಟ್ಟಿದ ಕೋಟೆ ಈಗ ಸೆರೆಮನೆ. ಕೆರೆಯ ಬಳಿಯ ಇಗರ್ಜಿಯಲ್ಲಿ ಮಾತ್ರ ಇವತ್ತೂ ಬೆಳಗಿನ ಪೂಜೆಗೆ ಗಂಟೆ ಬಾರಿಸುತ್ತದೆ. ಪಾಲಕ ಸಂತರ ಹಬ್ಬ ಜೂನ್ 24ಕ್ಕೆ, ಅಂದರೆ ಮುಂಗಾರು ಕೊಂಕಣಕ್ಕೆ ಬಂದು ಗಟ್ಟಿಯಾಗಿ ಕೂತ ಮೇಲೆ. ನೀರಿನಲ್ಲಿ ನಿಂತು ಸ್ನಾನದೀಕ್ಷೆ ಕೊಟ್ಟವರ ಹಬ್ಬಕ್ಕೆ ಮಳೆ ತಪ್ಪಿದ್ದನ್ನು ನಾನಂತೂ ಕಾಣೆ.

ಅಂಥ ಒಂದು ಹಬ್ಬದ ಊಟದಲ್ಲಿ ಹಿರಿಯರೊಬ್ಬರು, “1882ರ ಚಂಡಮಾರುತಕ್ಕೂ ನಮ್ಮ ಇಗರ್ಜಿ ಜಗ್ಗಲಿಲ್ಲ, ಗೊತ್ತುಂಟಾ?” ಎಂದರು. ಸುತ್ತ ಕೂತವರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. 1882ರ ಜೂನಿನಲ್ಲಿ ಮುಂಬಯಿಯಲ್ಲಿ ಒಂದು ಲಕ್ಷ ಜನರನ್ನು ಕೊಂದಿತು ಎನ್ನಲಾದ ಆ ಚಂಡಮಾರುತ ಎಷ್ಟೋ ಪಟ್ಟಿಗಳಲ್ಲಿ, ಪುಸ್ತಕಗಳಲ್ಲಿ ಇದೆ. ಹುಡುಕಿ ನೋಡಿದವರಿಗೆ ಆ ವರ್ಷದ ದಾಖಲೆಗಳಲ್ಲಿ ಅದರ ಸುಳಿವೇ ಇಲ್ಲ. ಅಂಥದ್ದೊಂದು ಗಾಳಿ ಬೀಸಲೇ ಇಲ್ಲ ಎಂಬ ತೀರ್ಮಾನಕ್ಕೆ ಅವರು ಬಂದಿದ್ದಾರೆ. ಬೀಸದ ಗಾಳಿಗೆ ಇಗರ್ಜಿ ಬೀಳದೆ ಉಳಿದದ್ದು ನಿಜಕ್ಕೂ ಸತ್ಯ! ಭಕ್ತಿಗೆ ಪವಾಡ ಬೇಕಾದಾಗ ವಿಪತ್ತನ್ನೂ ಅದೇ ತಯಾರಿಸಿಕೊಳ್ಳುತ್ತದೆ. ನಿಜವಾದ ಗಾಳಿಗಳಿಗೇನೂ ಇಲ್ಲಿ ಬರವಿಲ್ಲ: 1618ರದ್ದು ಇದೆ, 1948ರ ನವೆಂಬರಿನದ್ದು ಇದೆ, 2020ರ ಜೂನ್ 3ರ ನಿಸರ್ಗ ಇದೆ.

ನಾನು ಕಣ್ಣಾರೆ ಕಂಡದ್ದು 2005ರ ಜುಲೈ 26. ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಜಗತ್ತೆಲ್ಲ ಮುಂಬಯಿಯ ಸುದ್ದಿ ಓದಿತು. ಕಲ್ಯಾಣ, ಬದಲಾಪುರ, ಉಲ್ಲಾಸನಗರದಲ್ಲಿ ಉಲ್ಹಾಸ್ ನದಿಯೂ ವಾಲಧುನಿಯೂ ಒಟ್ಟಿಗೆ ಉಕ್ಕಿದ್ದನ್ನು ಓದಿದವರು ಕಡಿಮೆ. ನಮ್ಮ ಮನೆ ಮೊದಲ ಮಹಡಿಯಲ್ಲಿ. ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುತ್ತಿದ್ದ ಒಂದು ಮರಾಠಿ ಸಂಸಾರ. ರಾತ್ರಿ ನೀರು ಮೆಟ್ಟಿಲು ಹತ್ತುತ್ತ ಬಂತು, ನಮ್ಮ ಹೊಸ್ತಿಲಿಗೆ ಕೆಲವೇ ಮೆಟ್ಟಿಲಿರುವಾಗ ನಿಂತಿತು. ಕೆಳಗಿನವರ ಅಕ್ಕಿ, ಹಾಸಿಗೆ, ಮಕ್ಕಳ ಸರ್ಟಿಫಿಕೇಟು, ಗಿರಾಕಿಗಳು ಹೊಲಿಯಲು ಕೊಟ್ಟ ಬಟ್ಟೆ ಎಲ್ಲ ರಾಡಿಯಾಯಿತು. ಅವರೆಲ್ಲ ನಮ್ಮ ಮನೆಯಲ್ಲೇ ಇದ್ದರು. ನೀರು ಇಳಿದ ಮೇಲೆ ನಮ್ಮ ಜಪಮಾಲೆ ಕೂಟದ ಒಬ್ಬ ಹೆಂಗಸು ನೋಡಿಕೊಂಡು ಹೋಗಲು ಬಂದವಳು ಬಾಗಿಲಲ್ಲೇ ಕೈಮುಗಿದು, “ಮಾತೆ ಮರಿಯಮ್ಮ ನಿಮ್ಮನ್ನು ಕಾಪಾಡಿದಳು, ನಿಮ್ಮ ಹೊಸ್ತಿಲಿಗೆ ನೀರು ಮುಟ್ಟಲಿಲ್ಲ ನೋಡಿ” ಎಂದಳು. ಆಡಿದ್ದು ಕೊಂಕಣಿಯಲ್ಲಿ, ಮರಾಠಿ ಬಲ್ಲವರಿಗೆ ಅಷ್ಟು ಕೊಂಕಣಿ ತಿಳಿಯುತ್ತದೆ. ಒಳಗೆ ಒದ್ದೆ ಚಾದರ ಹಿಂಡುತ್ತಿದ್ದ ಕೆಳಮನೆಯವಳು ತಲೆ ಎತ್ತಿ ಕೇಳಿದಳು: “ಆಣಿ ಆಮ್ಹಿ?” ಮತ್ತೆ ನಾವು?

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಉತ್ತರ ಬೇಕಿತ್ತು ಅಷ್ಟೆ. ಬಂದವಳು ಚಹಾ ಕುಡಿಯದೆ ಹೊರಟುಹೋದಳು.

ಅಂದಿನಿಂದ ಇಂದಿನವರೆಗೆ ‘ದೇವರು ಕಾಪಾಡಿದ’ ಎಂಬ ಮಾತು ನನ್ನ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ. ಆ ಮಾತು ಸುಳ್ಳೆಂದಲ್ಲ. ಅದಕ್ಕೆ ಯಾವಾಗಲೂ ಒಂದು ನೆಲಮಹಡಿ ಇರುತ್ತದೆ, ಅಲ್ಲಿ ಯಾರೋ ಕೇಳಿಸಿಕೊಳ್ಳುತ್ತಿರುತ್ತಾರೆ.

ಇದನ್ನೇ ಇಡೀ ಊರಿನ ಅಳತೆಯಲ್ಲಿ ನೋಡಬೇಕಾದರೆ ಲಿಸ್ಬನ್ನಿಗೆ ಹೋಗಬೇಕು. ವಸಾಯಿಗೆ ಪಾದ್ರಿಗಳನ್ನೂ ಫಿರಂಗಿಗಳನ್ನೂ ಕಳಿಸಿದ ಊರು ಅದು. ವಸಾಯಿ ಕೈಬಿಟ್ಟು ಹದಿನಾರು ವರ್ಷವಾಗಿತ್ತು. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಪೂಜೆಗೆ ನೆರೆದಿದ್ದ ಹೊತ್ತಿನಲ್ಲಿ ಭೂಮಿ ನಡುಗಿತು. ಇಗರ್ಜಿಗಳು ಭಕ್ತರ ತಲೆಯ ಮೇಲೇ ಕುಸಿದವು. ಹಬ್ಬಕ್ಕೆಂದು ಹಚ್ಚಿಟ್ಟ ಮೇಣದಬತ್ತಿಗಳಿಂದ ಬೆಂಕಿ ಹಬ್ಬಿತು, ನದಿಯ ದಡಕ್ಕೆ ಓಡಿದವರನ್ನು ಸಮುದ್ರ ಎಳೆದುಕೊಂಡಿತು. ಹತ್ತಾರು ಸಾವಿರ ಜನ ಸತ್ತರು. ಪೂಜೆಗೆ ಹೋದದ್ದೇ ಅನೇಕರಿಗೆ ಮುಳುವಾಯಿತು. ವೋಲ್ತೇರ್ ಸಿಟ್ಟಿನಿಂದ ಕವಿತೆ ಬರೆದ, ಆಮೇಲೆ ‘ಕಾಂದೀದ್’ ಬರೆದ. ಇರುವುದೆಲ್ಲ ಒಳ್ಳೆಯದಕ್ಕೇ ಇದೆ ಎನ್ನುವ ತತ್ವಜ್ಞಾನ ಯುರೋಪಿನಲ್ಲಿ ಅಲ್ಲಿಂದ ಮೇಲೇಳಲಿಲ್ಲ.

ನನಗೆ ವೋಲ್ತೇರನಿಗಿಂತ ಮುಖ್ಯ ಅನ್ನಿಸುವವರು ಗಾಬ್ರಿಯೇಲ್ ಮಾಲಾಗ್ರಿದಾ ಎಂಬ ಜೆಸ್ವಿಟ್ ಪಾದ್ರಿ. ಭೂಕಂಪಕ್ಕೆ ಪ್ರಕೃತಿಯ ಕಾರಣಗಳನ್ನು ಹುಡುಕುವುದೇ ತಪ್ಪು, ಲಿಸ್ಬನ್ನಿನ ಪಾಪವೇ ಕಾರಣ ಎಂದು ಅವರು ಕಿರುಹೊತ್ತಗೆ ಬರೆದು ಹಂಚಿದರು. ಜನ ಗುಡಿಸಲು ಕಟ್ಟುತ್ತ, ಅವಶೇಷ ತೆಗೆಯುತ್ತ ಹೊತ್ತು ಕಳೆಯುವ ಬದಲು ಪಶ್ಚಾತ್ತಾಪ ಪಡಬೇಕೆಂಬುದು ಅವರ ವಾದ. ಮಂತ್ರಿ ಪೊಂಬಾಲ್‌ಗೆ ಊರು ಕಟ್ಟುವ ತರಾತುರಿ. ಕೊನೆಗೆ 1761ರಲ್ಲಿ ಧರ್ಮದ್ರೋಹದ ಆಪಾದನೆಯ ಮೇಲೆ ಆ ಮುದಿ ಪಾದ್ರಿಯನ್ನು ಕೊಂದರು. ಅದು ಅನ್ಯಾಯ, ಮುದುಕನ ಮೇಲಿನ ರಾಜಕೀಯ ಹಗೆ. ಆದರೂ ವಾದದಲ್ಲಿ ನಾನು ಮಾಲಾಗ್ರಿದಾ ಕಡೆಗಿಲ್ಲ. ಸೂರಿಲ್ಲದವನಿಗೆ ಗುಡಿಸಲು ಕಟ್ಟುವುದು ಪಶ್ಚಾತ್ತಾಪಕ್ಕೆ ಅಡ್ಡಿ ಎನ್ನುವ ದೇವರನ್ನು ನನ್ನ ಅಜ್ಜಿ ನನಗೆ ಕಲಿಸಿಕೊಟ್ಟಿಲ್ಲ.

ಕಲಿಸಿಕೊಟ್ಟ ಶುಭಸಂದೇಶದಲ್ಲೇ ಬೇರೆ ಮಾತಿದೆ. ಲೂಕನ 13ನೇ ಅಧ್ಯಾಯದಲ್ಲಿ ಸಿಲೋವದ ಗೋಪುರ ಕುಸಿದು ಹದಿನೆಂಟು ಜನ ಸತ್ತ ಪ್ರಸ್ತಾಪ ಬರುತ್ತದೆ. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿದಿರಾ ಎಂದು ಯೇಸು ಕೇಳುತ್ತಾರೆ, ಇಲ್ಲ ಎಂದು ತಾವೇ ಹೇಳುತ್ತಾರೆ. ಗೋಪುರ ಯಾಕೆ ಬಿತ್ತು ಎಂಬುದನ್ನು ಅವರು ವಿವರಿಸುವುದಿಲ್ಲ. ಬದುಕಿರುವ ನೀವು ನಿಮ್ಮ ದಾರಿ ತಿದ್ದಿಕೊಳ್ಳಿ ಎಂದು ಮಾತು ತಿರುಗಿಸುತ್ತಾರೆ. ಹಳೆ ಒಡಂಬಡಿಕೆಯ ಪ್ರವಾದಿ ಎಲೀಯ ಹೋರೇಬ್ ಬೆಟ್ಟದ ಗವಿಯಲ್ಲಿ ಕಾಯುವಾಗ ಬಂಡೆ ಸೀಳುವ ಗಾಳಿ ಬಂತು, ಅದರಲ್ಲಿ ದೇವರಿರಲಿಲ್ಲ, ಭೂಕಂಪ ಬಂತು, ಅದರಲ್ಲೂ ಇರಲಿಲ್ಲ, ಬೆಂಕಿಯಲ್ಲೂ ಇರಲಿಲ್ಲ. ಆಮೇಲೆ ಬಂದದ್ದು ಮೆಲುದನಿ. ನಮ್ಮದೇ ಗ್ರಂಥ ಇಷ್ಟು ಬಿಡಿಸಿ ಹೇಳಿರುವಾಗ ನಾವು ಮತ್ತೆ ಮತ್ತೆ ಗಾಳಿಯ ದಿಕ್ಕಿನಲ್ಲಿ ದೇವರ ಇಚ್ಛೆ ಹುಡುಕುವುದು ಯಾಕೋ!

ಥಾಣೆಗಂತೂ ಆ ಹುಡುಕಾಟ ಇನ್ನೂ ಇಕ್ಕಟ್ಟಿನದು. ಪೋರ್ಚುಗೀಸರಿಗಿಂತ ಇನ್ನೂರು ವರ್ಷ ಮೊದಲೇ ಇಲ್ಲಿಗೆ ಕಥೊಲಿಕ ಸನ್ಯಾಸಿಗಳು ಬಂದಿದ್ದರು: ತೊಲೆಂತಿನೊದ ಥೋಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ತಿಫ್ಲಿಸ್‌ನ ದೆಮೆತ್ರಿಯಸ್. ಅವರು ಹೊರಟದ್ದು ಕೇರಳದ ಕೊಲ್ಲಂ ಬಂದರಿಗೆ. ಸಮುದ್ರದ ಬಿರುಗಾಳಿ ಹಡಗನ್ನು ಥಾಣೆಯ ಕಡೆಗೆ ದೂಡಿತು ಎಂಬುದು ಪರಂಪರೆಯ ಕಥೆ. ಇಲ್ಲಿ ಆಗಲೇ ಕೆಲವು ನೆಸ್ಟೋರಿಯನ್ ಕ್ರೈಸ್ತ ಮನೆಗಳಿದ್ದವು, ಅಲ್ಲಿ ಇಳಿದುಕೊಂಡರು. 1321ರ ಏಪ್ರಿಲಿನಲ್ಲಿ ನಾಲ್ವರೂ ಕೊಲೆಯಾದರು. ಜೊತೆಗಾರ ಜೋರ್ದಾನುಸ್ ಅವರ ದೇಹಗಳನ್ನು ಸೋಪಾರಾದಲ್ಲಿ ಮಣ್ಣು ಮಾಡಿದ. ಮುಂದೆ ಓದೊರಿಕ್ ಎಂಬ ಯಾತ್ರಿಕ ಎಲುಬುಗಳನ್ನು ಚೀನಕ್ಕೆ ಒಯ್ದ. ಥಾಣೆಯ ಇಗರ್ಜಿಯನ್ನು ಗಾಳಿಯಿಂದ ಕಾಪಾಡಿದ್ದು ದೇವರಾದರೆ ಈ ನಾಲ್ವರನ್ನು ಗಾಳಿಯಲ್ಲಿ ಸಾವಿನ ದಡಕ್ಕೆ ತಂದವನೂ ಅವನೇ ಆಗಬೇಕಲ್ಲ? ಅವರನ್ನು ರಕ್ತಸಾಕ್ಷಿಗಳೆಂದು ಗೌರವಿಸುವ ನಾವು ಆ ಗಾಳಿಗೆ ಏನೆಂದು ಹೆಸರಿಡೋಣ? ನಾನಂತೂ ಗಾಳಿಯನ್ನು ಗಾಳಿಯಾಗಿಯೇ ಬಿಡುತ್ತೇನೆ.

ಹಾಗಾದರೆ ಇಗರ್ಜಿ ಉಳಿದದ್ದು ಹೇಗೆ? ಇದಕ್ಕೆ ಉತ್ತರ ವಸಾಯಿ ಕೋಟೆಯೊಳಗಿದೆ. ಹೋದವರಿಗೆ ಗೊತ್ತು: ಆಳೆತ್ತರದ ಹುಲ್ಲಿನ ನಡುವೆ ಸಂತ ಜೋಸೆಫರ ಇಗರ್ಜಿಯ ಗೋಪುರ, ದೊಮಿನಿಕನ್ನರ ಇಗರ್ಜಿಯ ಕಮಾನು, ಫ್ರಾನ್ಸಿಸ್ಕನ್ನರ ಇಗರ್ಜಿಯ ನೆಲದಲ್ಲಿ ಸಮಾಧಿ ಕಲ್ಲುಗಳು. ಯಾವುದಕ್ಕೂ ಮಾಡಿಲ್ಲ. ನೋಡಿದವರು 1618ರ ಗಾಳಿಯ ಕೆಲಸವೆಂದೇ ತಿಳಿದಾರು. ಅಲ್ಲ. ಆ ಗಾಳಿಯಲ್ಲಿ ಹಾರಿಹೋದ ಮಾಡುಗಳನ್ನು ಮತ್ತೆ ಹೊದಿಸಿದರು. ಆ ಇಗರ್ಜಿಗಳಲ್ಲಿ ಇನ್ನೂ 121 ವರ್ಷ ಪೂಜೆ ನಡೆಯಿತು. 1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪ ಕೋಟೆ ಗೆದ್ದ. ಪೋರ್ಚುಗೀಸರು ಹಡಗು ಹತ್ತಿದರು. ಅವರನ್ನು ಓಡಿಸಿದ್ದು ಚಂಡಮಾರುತವಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಮಾಡು ಹತ್ತುವವರು ಯಾರೂ ಉಳಿಯಲಿಲ್ಲ. ಅಷ್ಟೇ ಸಾಕಾಯಿತು.

ಇದು ನನಗೆ ಪುಸ್ತಕ ಓದದೆಯೂ ಅರ್ಥವಾಗುವ ಸಂಗತಿ. ಊರಿನಲ್ಲಿ ಮಳೆ ಹಿಡಿಯುವ ಮೊದಲು ಅಪ್ಪ ಮತ್ತು ವಾಡೆಯ ನಾಲ್ಕು ಗಂಡಸರು ಇಗರ್ಜಿಯ ಮಾಡು ಹತ್ತಿ ಹಂಚು ಕೈಯಾಡಿಸುತ್ತಿದ್ದರು. ಒಡೆದ ಹಂಚು ಕೆಳಗೆ ಬರುತ್ತಿತ್ತು, ನಾವು ಮಕ್ಕಳು ಹೊಸದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಗೆದ್ದಲು ತಿಂದ ರೀಪು, ಬಾಗಿದ ಪಕ್ಕಾಸು ಬದಲಾಗುತ್ತಿತ್ತು. ಒಂದು ವರ್ಷ ಬಿಟ್ಟರೆ ಒಂದು ಹಂಚಿನ ಸಂದಿಯಿಂದ ನೀರು ಇಳಿಯುತ್ತದೆ, ಎರಡು ವರ್ಷಕ್ಕೆ ಪಕ್ಕಾಸು ಕೊಳೆಯುತ್ತದೆ, ಆಮೇಲೆ ಗೋಡೆಯ ಸುಣ್ಣದ ಗಾರೆ ನೀರು ಕುಡಿಯುತ್ತ ಹೋಗುತ್ತದೆ. ಕಾಗೆ ಹಾಕಿದ ಅಶ್ವತ್ಥದ ಬೀಜಕ್ಕೆ ಅಷ್ಟು ಜಾಗ ಸಾಕು. ವಸಾಯಿಯ ಗೋಡೆಗಳನ್ನು ಇವತ್ತು ಸೀಳುತ್ತಿರುವುದು ಅಂಥ ಬೇರುಗಳೇ. ಗಾಳಿ ಒಂದು ದಿನದಲ್ಲಿ ಮಾಡಿದ್ದನ್ನು ಜನ ಸರಿಪಡಿಸಿದರು. ಜನ ಬಿಟ್ಟದ್ದನ್ನು ಮಳೆ ನಿಧಾನವಾಗಿ ಮುಗಿಸಿತು. ಥಾಣೆಯಲ್ಲಿ ಆಳಿದವರು ಬದಲಾದರೂ ಕೆರೆಯ ಸುತ್ತ ಈಸ್ಟ್ ಇಂಡಿಯನ್ ಎಂದು ಕರೆಸಿಕೊಳ್ಳುವ ಇಲ್ಲಿನವರೇ ಆದ ಕ್ರೈಸ್ತರು ಉಳಿದರು. ಗದ್ದೆ ಮಾಡುವವರು, ಮೀನು ಹಿಡಿಯುವವರು. ಇತಿಹಾಸದಲ್ಲಿ ಅವರ ಹೆಸರಿಲ್ಲ. ಮಾಡು ಉಳಿಸಿದವರು ಅವರು.

ನಮ್ಮ ಹಾಸನದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಇಗರ್ಜಿಯನ್ನೂ ಇದೇ ಲೆಕ್ಕಕ್ಕೆ ಸೇರಿಸುತ್ತೇನೆ. ಫ್ರೆಂಚ್ ಮಿಷನರಿಗಳ ಕಟ್ಟಡ. ಗೊರೂರಿನ ಹೇಮಾವತಿ ಅಣೆಕಟ್ಟು ಬಂದು ಹಳ್ಳಿಯವರು ಎದ್ದುಹೋದರು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ. ಜನ ದೂರದೂರದಿಂದ ಬಂದು ಫೋಟೊ ಹಿಡಿದು, “ಎಷ್ಟು ಮುಳುಗಿದರೂ ನಿಂತಿದೆ” ಎಂದು ಬೆರಗಾಗುತ್ತಾರೆ. ನಿಂತಿದೆ ನಿಜ. ಅದನ್ನು ಉಳಿಯುವುದು ಎನ್ನಲು ನನಗೆ ಮನಸ್ಸಿಲ್ಲ.

ಇಷ್ಟು ಹೇಳಿದಾಗ ಮಾಸ್ತರರು ಬಸವಣ್ಣನವರನ್ನು ತಂದರು. ಸ್ಥಾವರ ಬೀಳೋದೇ, ಜಂಗಮಕ್ಕೆ ಮಾತ್ರ ಅಳಿವಿಲ್ಲ, ನೀವೂ ಅಲ್ಲಿಗೇ ಬಂದಿರಿ ಅಕ್ಕಾರ ಎಂದು ಅವರ ಸಂತೋಷ. ನಾನು ಪೂರ್ತಿ ಒಪ್ಪಲಿಲ್ಲ. ಜನರೇ ಇಗರ್ಜಿ ಎಂದು ನಮ್ಮ ಪಾದ್ರಿಗಳೂ ಪ್ರಸಂಗದಲ್ಲಿ ಹೇಳುತ್ತಾರೆ. ಆದರೆ ಮಾಡಿಗೆ ಹಂಚು ದಾಟಿಸದ ಜನ ಒಂದು ಜನ ಆಗಿ ಉಳಿಯುತ್ತಾರೆಂದು ನನಗೆ ನಂಬಿಕೆ ಇಲ್ಲ. ಆ ಕಲ್ಲುಗಳು ನಮ್ಮನ್ನು ವರ್ಷಕ್ಕೊಮ್ಮೆ ಒಟ್ಟಿಗೆ ಏಣಿ ಹತ್ತಿಸುತ್ತವೆ. ಕಲ್ಲಿಗೆ ನಾವು ಬೇಕು, ನಮಗೂ ಕಲ್ಲು ಬೇಕು. ಮಾಸ್ತರರು ತಲೆ ಅಲ್ಲಾಡಿಸಿದರು. ಒಪ್ಪಿಯೋ ಬೇಸತ್ತೋ ನಾನು ಕೇಳಲಿಲ್ಲ.

ವಸಾಯಿಯಿಂದ ಮರಾಠರು ಇಗರ್ಜಿಗಳ ಗಂಟೆಗಳನ್ನು ಕೊಂಡುಹೋಗಿ ದೇವಸ್ಥಾನಗಳಿಗೆ ಕೊಟ್ಟರು. ಭೀಮಾಶಂಕರದಲ್ಲಿ 1729 ಎಂದು ಕೊರೆದ ಗಂಟೆ ಇದೆ. ನಾಸಿಕದಲ್ಲಿ ಗೋದಾವರಿಯ ದಂಡೆಯ ನಾರೋಶಂಕರ ದೇವಸ್ಥಾನದಲ್ಲಿ 1721ರ ಗಂಟೆ ಇದೆ. ನದಿಯ ನೀರು ಆ ಗಂಟೆಯನ್ನು ಮುಟ್ಟಿತೆಂದರೆ ಮಹಾಪೂರವೆಂದು ಊರಿನವರು ಲೆಕ್ಕ ಹಿಡಿಯುತ್ತಾರೆ. ನಮ್ಮವರಲ್ಲಿ ಕೆಲವರಿಗೆ ಇದು ನೋವಿನ ವಿಷಯ. ನನಗೆ ಅಷ್ಟು ನೋವಿಲ್ಲ. ವಸಾಯಿಯಲ್ಲೇ ಇದ್ದಿದ್ದರೆ ಗುಜರಿಗೆ ಹೋಗುತ್ತಿತ್ತೇನೋ. ನಾಸಿಕದಲ್ಲಿ ಶಿವನಿಗೆ ಬಾರಿಸುತ್ತದೆ, ಜೊತೆಗೆ ನೆರೆಯ ಅಳತೆಯನ್ನೂ ಹೇಳುತ್ತದೆ. ಸಾಲದೇ?

ನೆರೆ ಎಂದಾಗ ಇನ್ನೊಂದು ಮಾತು. ವಸಾಯಿಯ ಪಾದ್ರಿ ಫ್ರಾನ್ಸಿಸ್ ದಿಬ್ರಿಟೊ ಬೈಬಲನ್ನು ಮರಾಠಿಗೆ ಹೊಸದಾಗಿ ಅನುವಾದಿಸಿದವರೆಂದು, 2020ರ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೆಂದು ಹೆಸರಾದವರು, 2024ರಲ್ಲಿ ತೀರಿಕೊಂಡರು. ಈ ಹೆಸರಿಗೂ ಮೊದಲೇ ಅವರು ಹರಿತ ವಸಾಯಿ ಚಳವಳಿ ಕಟ್ಟಿ, ತೋಟ ಗದ್ದೆಗಳನ್ನು ನುಂಗುವ ಕಟ್ಟಡಗಳ ವಿರುದ್ಧ, ಬಾವಿ ಬರಿದು ಮಾಡುವ ಟ್ಯಾಂಕರುಗಳ ವಿರುದ್ಧ ಬೀದಿಗಿಳಿದಿದ್ದರು. ಪಾದ್ರಿಗೆ ಯಾಕೆ ಈ ಕೆಲಸ ಎಂದು ಕೇಳಿದವರಿದ್ದರು. 2019ರ ಜುಲೈ 27ರಂದು ಬದಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ಸಾವಿರಕ್ಕೂ ಹೆಚ್ಚು ಜನರೊಂದಿಗೆ ಉಲ್ಹಾಸ್ ನದಿಯ ನೀರಿನಲ್ಲಿ ನಿಂತಾಗ ಆ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನನಗನ್ನಿಸಿತು. ನದಿಯ ಜಾಗದಲ್ಲಿ ಮನೆ ಕಟ್ಟಿ, ಖಾಡಿಯ ಕಾಂಡ್ಲಾವನ ಕಡಿದು, ನಾಲೆಗೆ ಪ್ಲಾಸ್ಟಿಕ್ ತುಂಬಿಸಿ ಆಮೇಲೆ ಬಂದ ನೀರನ್ನು ದೇವರ ಕೋಪವೆಂದರೆ ಅದು ದೇವರ ಮೇಲೆ ಸುಳ್ಳು ಕೇಸು ಹಾಕಿದಂತೆ.

ಮಾಸ್ತರರಿಗೆ ನಾನು ಕೊಡುವ ಉತ್ತರ ಇಷ್ಟು. ಬಿರುಗಾಳಿಯ ದಿನ ನಾನು ಪ್ರಾರ್ಥಿಸುತ್ತೇನೆ, ಇನ್ನು ಮುಂದೆಯೂ. ಉಳಿದರೆ ಕೃತಜ್ಞತೆ ಹೇಳುತ್ತೇನೆ. ಆದರೆ ಉಳಿದದ್ದನ್ನು ನನಗೆ ಕೊಟ್ಟ ಸರ್ಟಿಫಿಕೇಟು ಎಂದು ಹಿಡಿದು ತೋರಿಸುವುದಿಲ್ಲ, ಬಿದ್ದವರದ್ದನ್ನು ಶಿಕ್ಷೆ ಎಂದು ಓದುವುದಿಲ್ಲ. ದೇವರ ಕೈ ನನಗೆ ಕಾಣುವುದು ಗಾಳಿ ನಿಂತ ಮೇಲೆ ಏಣಿ ತರುವವರಲ್ಲಿ. ಇದರಲ್ಲಿ ದೇವರಿಗೆ ಸೋಲುವ ಹಾದಿಯೂ ಇದೆ, ಮಾಸ್ತರೇ. ಯಾರೂ ಏಣಿ ತರದಿದ್ದರೆ ಅವನು ಸೋಲುತ್ತಾನೆ. ವಸಾಯಿ ಕೋಟೆಯೊಳಗೆ ಸೋತಿದ್ದಾನೆ.

ಕೆಳಮನೆಯವಳಿಗೂ ನನ್ನ ಹತ್ತಿರ ತತ್ವದ ಉತ್ತರವಿಲ್ಲ. ಆ ಮಳೆಗಾಲದ ನಂತರ ಅವರ ಮನೆಯ ಒಂದು ಬೀಗದ ಕೈ ನಮ್ಮಲ್ಲಿರುತ್ತದೆ, ಮಕ್ಕಳ ಕಾಗದಪತ್ರಗಳು ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಪಾಟಿನಲ್ಲಿರುತ್ತವೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಮೇಲಿನ ಮಹಡಿಗಳಲ್ಲಿ ವಾಸಿಸುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಗುಡಿಯದೋ ಮಸೀದಿಯದೋ ಇಗರ್ಜಿಯದೋ ದುರಸ್ತಿ ನಿಧಿಗೆ ಮೇ ತಿಂಗಳಲ್ಲೇ ನಿಮ್ಮ ಪಾಲು ಕೊಡಿ. ಅದೇ ವಾರ ಕೆಳಗಿಳಿದು ಹೋಗಿ ನೆಲಮಹಡಿಯವರ ಬೀಗದ ಕೈ ಕೇಳಿ ತಂದಿಟ್ಟುಕೊಳ್ಳಿ.